ಶಿಕಾರಿಪುರ–ಸೊರಬದ ಶಾಲೆಗಳಲ್ಲಿ ಕೃಷಿ ಪಾಠ: ಎಷ್ಟು, ಯಾರಿಗೆ, ಯಾವಾಗ?

ಸೊರಬದಿಂದ ಗೆದ್ದು ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ಅವರ ಆಡಳಿತಾವಧಿಯನ್ನು (1990–92) ಜನ ಇಂದಿಗೂ ನೆನೆಯುವುದು ಗ್ರಾಮೀಣ ಕೃಪಾಂಕದಿಂದ. ಹಳ್ಳಿಯಲ್ಲಿ ಓದಿದವರಿಗೆ ಸರ್ಕಾರಿ ನೌಕರಿಯ ಆಯ್ಕೆಯಲ್ಲಿ ಹೆಚ್ಚುವರಿ ಅಂಕ ಕೊಡುವ ಆ ಕ್ರಮ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು, ಅದು ಬೇರೆ ಕಥೆ. ಪಕ್ಕದ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ 2011ರಲ್ಲಿ ಕೃಷಿಗೆಂದೇ ಪ್ರತ್ಯೇಕ ಬಜೆಟ್ ಮಂಡಿಸಿದರು. ಮೊದಲನೆಯದು ರೈತನ ಮಗ ಊರು ಬಿಟ್ಟು ಕಚೇರಿ ಸೇರುವುದಕ್ಕೆ ನೆರವಾಯಿತು, ಎರಡನೆಯದು ಊರಿನಲ್ಲೇ ಉಳಿದವನ ಕಸುಬಿಗೆ ಮಾನ್ಯತೆ ಕೋರಿತು. ಎರಡಕ್ಕೂ ಪರಸ್ಪರ ವಿರೋಧವೇನೂ ಇಲ್ಲ. ಆದರೆ ಈ ಎರಡು ತಾಲ್ಲೂಕುಗಳ ಸರ್ಕಾರಿ ಶಾಲೆಯ ಮಗುವನ್ನು ಯಾವುದಕ್ಕೆ ಸಿದ್ಧಪಡಿಸಬೇಕು ಎಂಬ ಪ್ರಶ್ನೆ ಅವುಗಳ ನಡುವೆ ಹಾಗೇ ಉಳಿದಿದೆ. ಕೃಷಿ ಮತ್ತು ತೋಟಗಾರಿಕೆಯನ್ನು ಶಾಲೆಯಲ್ಲಿ ವಿಷಯವಾಗಿ ಕಲಿಸಬೇಕು ಎನ್ನುವವರೂ ಬೇಡ ಎನ್ನುವವರೂ ಹಳ್ಳಿಯ ಹಿತವನ್ನೇ ಬಯಸುವವರು. ಆದ್ದರಿಂದ ಇಬ್ಬರ ವಾದವನ್ನೂ ಸಾವಧಾನವಾಗಿ ಕೇಳಬೇಕಾಗುತ್ತದೆ.

ಮೊದಲು ಇಂದಿನ ಸ್ಥಿತಿ. ಸೊರಬದ ಪಶ್ಚಿಮಕ್ಕೆ ಕಾನು, ಸೊಪ್ಪಿನಬೆಟ್ಟ, ಅಡಿಕೆ ತೋಟ. ಶಿಕಾರಿಪುರದ ಕಡೆ ಬಂದಂತೆ ಕೆರೆಯಡಿಯ ಗದ್ದೆ, ಮೆಕ್ಕೆಜೋಳದ ಹೊಲ. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಶುಂಠಿ, ಅನಾನಸ್ ಬೇರೂರಿವೆ. ಇಂಥ ಮನೆಯಿಂದ ಹೊರಟ ಮಗುವಿಗೆ ಶಾಲೆಯಲ್ಲಿ ಕೃಷಿ ಸಿಗುವುದು ಮುಖ್ಯವಾಗಿ ಎರಡು ಕಡೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಬೆಳೆ ಉತ್ಪಾದನೆಯ ಪಾಠ, ಒಂಬತ್ತರಲ್ಲಿ ಆಹಾರ ಸಂಪನ್ಮೂಲಗಳ ಸುಧಾರಣೆಯ ಪಾಠ. ರಾಷ್ಟ್ರೀಯ ಪಠ್ಯದಿಂದ ಬಂದ ಆ ಎಂಟನೆಯ ತರಗತಿಯ ಪಾಠ ಸಾಂಪ್ರದಾಯಿಕ ನೀರಾವರಿಗೆ ಕೊಡುವ ಉದಾಹರಣೆಗಳು ಮೋಟ್, ಚೈನ್ ಪಂಪ್, ಢೇಕ್ಲಿ, ರಹಟ್. ಏತ, ಕಪಿಲೆ, ಕೆರೆ ತೂಬುಗಳ ನಾಡಿನ ಮಗು ಇವನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆಯುತ್ತದೆ. ಇದರಾಚೆ ಇರುವುದು ಶಾಲಾ ಕೈತೋಟ ಮತ್ತು ಇಕೋ ಕ್ಲಬ್; ಅವು ನಡೆಯುವುದೂ ನಿಲ್ಲುವುದೂ ಮುಖ್ಯಶಿಕ್ಷಕರ ಆಸಕ್ತಿಯ ಮೇಲೆ. ಎಸ್ಸೆಸ್ಸೆಲ್ಸಿಯ ನಂತರ ದಾರಿಗಳು ತೆರೆಯುತ್ತವೆ: ಕತ್ತಲಗೆರೆಯಂಥ ಕಡೆ ಎರಡು ವರ್ಷದ, ಕನ್ನಡ ಮಾಧ್ಯಮದ ಕೃಷಿ ಡಿಪ್ಲೊಮಾ, ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ನಡೆಸುವ 10 ತಿಂಗಳ ತರಬೇತಿ, ಪಿಯುಸಿ ವಿಜ್ಞಾನ ಓದಿದವರಿಗೆ ಸಿಇಟಿ ಮೂಲಕ ಕೃಷಿ ಪದವಿ. 2012ರಲ್ಲಿ ಶಿವಮೊಗ್ಗದಲ್ಲಿ ಆರಂಭವಾಗಿ, ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಮುಖ್ಯ ಆವರಣ ಇರುವುದು ಪಕ್ಕದ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ. ವಿಶ್ವವಿದ್ಯಾಲಯ ಮನೆಬಾಗಿಲಿಗೆ ಬಂದಿದೆ, ಆದರೆ ಹೈಸ್ಕೂಲಿನಲ್ಲಿ ಅದಕ್ಕೆ ಹೊಂದುವ ಕೊಂಡಿ ಕಾಣುವುದಿಲ್ಲ.

ಕೃಷಿ ಪಾಠ ಬೇಕು ಎನ್ನುವವರ ಮೊದಲ ವಾದ ಭಾವುಕವಾದದ್ದಲ್ಲ. ಬೇಸಾಯ ಈಗ ನೋಡಿ ಕಲಿಯುವ ಕಸುಬಾಗಿ ಉಳಿದಿಲ್ಲ ಎಂಬುದು ಅದರ ತಿರುಳು. ಅಡಿಕೆಯ ಎಲೆಚುಕ್ಕೆ ರೋಗ, ಶುಂಠಿಯ ಕೊಳೆ, ಮಣ್ಣಿನ ಹುಳಿ, ಹನಿ ನೀರಾವರಿ, ಬೆಳೆವಿಮೆಯ ಅರ್ಜಿ ಇವು ಯಾವುವೂ ಅಜ್ಜನ ಅನುಭವದಲ್ಲಿ ಇರಲಿಲ್ಲ, ಇದ್ದರೂ ಈ ರೂಪದಲ್ಲಿ ಇರಲಿಲ್ಲ. ಹಾಗಾಗಿ ರೋಗ ಬಂದ ಎಲೆಯನ್ನು ಹಿಡಿದು ರೈತ ಹೋಗುವುದು ಗೊಬ್ಬರದ ಅಂಗಡಿಗೆ. ಔಷಧಿ ಮಾರುವವನೇ ರೋಗವನ್ನೂ ಹೇಳುತ್ತಾನೆ. ಮನೆಯಿಂದ ಕಲಿಯುವ ದಾರಿಯೂ ಮುಚ್ಚುತ್ತಿದೆ. ಮುಂಗಾರಿನ ಬಿತ್ತನೆ, ನಾಟಿಯ ಹೊತ್ತಿಗೆ ಮಗು ಶಾಲೆಯಲ್ಲಿ ಅಥವಾ ಹಾಸ್ಟೆಲಿನಲ್ಲಿ ಇರುತ್ತದೆ. ಹತ್ತು ವರ್ಷ ಶಾಲೆಗೆ ಹೋದ ಮಗುವಿಗೆ ಶಾಲೆಯ ವಿದ್ಯೆಯೂ ಅರ್ಧ, ಮನೆಯ ವಿದ್ಯೆಯೂ ಅರ್ಧ ಆಗುವ ಅಪಾಯ ಕಾಲ್ಪನಿಕವೇನಲ್ಲ.

ಇದಕ್ಕೆ ಎದುರುವಾದವೂ ಅಷ್ಟೇ ಗಟ್ಟಿ. ಎಲೆಚುಕ್ಕೆಯ ತಿಳಿವಳಿಕೆ ಇಂದು ಬೇಕಾಗಿರುವುದು ತೋಟದ ಯಜಮಾನನಿಗೆ, ಹದಿಮೂರು ವರ್ಷದ ಅವನ ಮಗಳಿಗಲ್ಲ. ಅದನ್ನು ತಲುಪಿಸಲು ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅವು ಸಾಲದಿದ್ದರೆ ಅವನ್ನು ಸರಿಪಡಿಸಬೇಕೇ ಹೊರತು ಆ ಹೊರೆಯನ್ನು ಶಾಲೆಯ ಮೇಲೆ ಹಾಕುವುದು ನ್ಯಾಯವಲ್ಲ. ಇಂದಿನ ಮಗು ಜಮೀನಿನ ಜವಾಬ್ದಾರಿ ಹೊರುವ ಹೊತ್ತಿಗೆ ರೋಗವೂ ಬೇರೆ, ಔಷಧಿಯೂ ಬೇರೆ ಆಗಿರಬಹುದು. ಆಗ ಅವಳಿಗೆ ನೆರವಾಗುವುದು ಔಷಧಿ ಡಬ್ಬಿಯ ಮೇಲಿನ ಬರಹವನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ, ಎಷ್ಟು ನೀರಿಗೆ ಎಷ್ಟು ಎಂಬ ಲೆಕ್ಕ, ಮಾರುವವನ ಮಾತನ್ನು ಪ್ರಶ್ನಿಸುವ ಧೈರ್ಯ. ಶಿಕ್ಷಣ ಕುರಿತ ಕೊಠಾರಿ ಆಯೋಗ 1966ರ ವರದಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಪ್ರಾಥಮಿಕ ಮತ್ತು ಕೆಳ ಪ್ರೌಢ ಹಂತದಲ್ಲಿ ಬೇಸಾಯವನ್ನು ವೃತ್ತಿಯಾಗಿ ಕಲಿಸುವ ಪ್ರಯತ್ನಗಳು ಸೋತಿವೆ, ಅಂಥ ಹೊಸ ಪ್ರಸ್ತಾವಗಳನ್ನು ತಡೆಹಿಡಿಯಬೇಕು, ಬದಲಿಗೆ ಗಣಿತ ಮತ್ತು ವಿಜ್ಞಾನಕ್ಕೆ ಒತ್ತು ಕೊಟ್ಟ ಸಾಮಾನ್ಯ ಶಿಕ್ಷಣವನ್ನು ಗಟ್ಟಿಮಾಡಬೇಕು ಎಂಬುದು ಅದರ ಅಭಿಪ್ರಾಯ. ಕೃಷಿ ಬೇಡ ಎನ್ನುವವರ ಕೈಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವಿಲ್ಲ.

ಆದರೆ ಆ ಸಾಕ್ಷ್ಯವನ್ನು ಪೂರ್ತಿ ಓದಬೇಕು ಎಂಬುದು ಬೇಕು ಎನ್ನುವವರ ಆಗ್ರಹ, ಅದರಲ್ಲಿ ಹುರುಳಿದೆ. ಕೃಷಿಯ ಪರಿಚಯ ಎಲ್ಲ ಸಾಮಾನ್ಯ ಶಿಕ್ಷಣದ ಅವಿಭಾಜ್ಯ ಭಾಗವಾಗಬೇಕು ಎಂದೂ ಅದೇ ಆಯೋಗ ಹೇಳಿತ್ತು. ವೃತ್ತಿ ತರಬೇತಿ ಬೇಡ ಎಂಬ ಮಾತು ಹೇಗೋ ಪಾಲನೆಯಾಯಿತು, ಈ ಎರಡನೆಯ ಮಾತು ಕಡತದಲ್ಲೇ ಉಳಿಯಿತು. ಪರಿಣಾಮವಾಗಿ ನಾವು ಕಲಿಸುತ್ತಿರುವ ವಿಜ್ಞಾನಕ್ಕೆ ಊರೇ ಇಲ್ಲ. ಒಂದು ಉದಾಹರಣೆ ಸಾಕು. ಹತ್ತನೆಯ ತರಗತಿಯ ವಿಜ್ಞಾನದ ಮೊದಲ ಅಧ್ಯಾಯದಲ್ಲಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸುವ ಪ್ರಯೋಗವಿದೆ. ಮೊಳೆಯ ಮೇಲೆ ಕಂದುಗೆಂಪು ಲೇಪ ಕೂರುತ್ತದೆ. ಅದು ಸ್ಥಾನಪಲ್ಲಟ ಕ್ರಿಯೆ. ಇತ್ತ ಅಡಿಕೆ ಬೆಳೆಗಾರ ಮಳೆಗಾಲದಲ್ಲಿ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು ಸೇರಿಸಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತಾನೆ. ಹದ ಸರಿಯಿದೆಯೇ ಎಂದು ನೋಡಲು ಅದರಲ್ಲಿ ಕಬ್ಬಿಣದ ಕತ್ತಿಯನ್ನು ಅದ್ದುತ್ತಾನೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು. ಎರಡೂ ಒಂದೇ ಕ್ರಿಯೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ಕೊಳೆರೋಗದ ಬೆನ್ನುಹತ್ತಿ, ಈ ಸಿಂಪಡಣೆಯನ್ನು ಮಲೆನಾಡಿನಲ್ಲಿ ಬಳಕೆಗೆ ತಂದ ಇತಿಹಾಸವೂ ಇದೆ. ರಸಾಯನಶಾಸ್ತ್ರ, ಚರಿತ್ರೆ, ಶೇಕಡಾವಾರು ಲೆಕ್ಕ ಮೂರೂ ಒಂದು ಬಕೆಟ್ಟಿನಲ್ಲಿ ಸಿಗುವಾಗ ತರಗತಿಯಲ್ಲಿ ಬರಿಯ ಮೊಳೆ ಮುಳುಗಿಸಿ ಮುಗಿಸುವುದು ನಷ್ಟವೇ ಸರಿ.

ಬೇಡ ಎನ್ನುವವರು ಇಲ್ಲಿ ಇತಿಹಾಸದ ಕಡೆ ಬೆರಳು ತೋರಿಸುತ್ತಾರೆ. 1937ರ ವಾರ್ಧಾ ಯೋಜನೆಯಿಂದ ಬಂದ ಮೂಲಶಿಕ್ಷಣ ಕೈಕಸುಬನ್ನು ಕಲಿಕೆಯ ಕೇಂದ್ರದಲ್ಲಿ ಇಟ್ಟಿತ್ತು. ಗಾಂಧೀಜಿಯ ಹೆಸರಿದ್ದೂ ಅದು ಬಾಳಲಿಲ್ಲ. 1970ರ ದಶಕದ ಕೊನೆಗೆ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಬಂತು. ಅದರ ನೆನಪು ಹಲವರಿಗೆ ಶಾಲೆಯ ಅಂಗಳ ಗುಡಿಸಿದ ನೆನಪಾಗಿ ಮಾತ್ರ ಉಳಿದಿದೆ. ಪಿಯು ಹಂತದಲ್ಲಿ ಜೆ.ಒ.ಸಿ. ಎಂದು ಕರೆಯುತ್ತಿದ್ದ ಉದ್ಯೋಗಾಧಾರಿತ ಕೋರ್ಸುಗಳು ಬಂದವು, ಕೊನೆಗೆ ಅವೂ ಮುಚ್ಚಿದವು. ಮಕ್ಕಳಿಗೆ ಬೇಕಾದದ್ದು ಕಸುಬಲ್ಲ, ಅಕ್ಷರದ ಓದು ಎಂದು ಪಾಲಕರ ಮನಸ್ಸು ಇವೆಲ್ಲಕ್ಕಿಂತ ಮೊದಲೇ ತೀರ್ಮಾನಿಸಿತ್ತು. ಸಮಾಜಶಾಸ್ತ್ರಜ್ಞ ಫಿಲಿಪ್ ಫಾಸ್ಟರ್ 1965ರಲ್ಲಿ ಘಾನಾದ ಅನುಭವದಿಂದ ಇದೇ ಮಾತನ್ನು ವಿವರಿಸಿದ್ದರು. ವಸಾಹತು ಆಡಳಿತ ಕೃಷಿ ಶಾಲೆಗಳನ್ನು ಎಷ್ಟು ಒತ್ತಿ ಹೇಳಿದರೂ ಜನ ಅಕ್ಷರದ ಶಾಲೆಯನ್ನೇ ಆರಿಸಿದರು. ಅದು ಅವರ ಮೂಢತನವಾಗಿರಲಿಲ್ಲ, ಸಂಬಳ ಎಲ್ಲಿದೆ ಎಂಬುದನ್ನು ಅವರು ಸರಿಯಾಗಿ ಗ್ರಹಿಸಿದ್ದರು. ಪಠ್ಯಕ್ರಮ ಬದಲಿಸಿ ಮಕ್ಕಳ ಆಕಾಂಕ್ಷೆ ಬದಲಿಸಲಾಗದು ಎಂಬ ಫಾಸ್ಟರ್ ಅವರ ನಿಲುವು ಶಿರಾಳಕೊಪ್ಪಕ್ಕೂ ಆನವಟ್ಟಿಗೂ ಹೊಂದುತ್ತದೆ. ಬೇಸಾಯದ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ ಎಂದು ಕೊರಗುವ ಊರಿನಲ್ಲಿ, ಮಗನಿಗೆ ಬೇಸಾಯ ಕಲಿಸಿ ಎಂದು ಯಾವ ತಾಯಿ ಶಾಲೆಗೆ ಅರ್ಜಿ ಕೊಟ್ಟಾಳು?

ಸೋತದ್ದು ಯಾವುದು ಎಂದು ಬೇಕು ಎನ್ನುವವರು ತಿರುಗಿ ಕೇಳುತ್ತಾರೆ. ಜೆ.ಒ.ಸಿ. ಓದುವವರು ಮುಖ್ಯ ಪಿಯುಸಿಯ ಪಕ್ಕದ ಸಾಲಿನಲ್ಲಿ ಕೂರಬೇಕಿತ್ತು. ಅಂಕ ಕಡಿಮೆ ಬಂದವರ ತಾಣ ಎಂಬ ಹಣೆಪಟ್ಟಿ ಅದಕ್ಕೆ ಬಿತ್ತು. ಮೇಲಿನ ಓದಿನ ಬಾಗಿಲು ಎಲ್ಲಿ ತೆರೆದಿದೆಯೋ ಅಲ್ಲಿ ಮಕ್ಕಳ ಉತ್ಸಾಹಕ್ಕೆ ಕೊರತೆಯಿಲ್ಲ ಎಂಬುದಕ್ಕೆ ಕೃಷಿಕರ ಕೋಟಾವನ್ನು ಅವರು ಉದಾಹರಿಸುತ್ತಾರೆ. ರೈತರ ಮಕ್ಕಳಿಗೆ ಕೃಷಿ ಪದವಿಯಲ್ಲಿ ಮೀಸಲಿದ್ದ ಶೇ 40 ಸೀಟುಗಳನ್ನು ಶೇ 50ಕ್ಕೆ ಏರಿಸಲಾಗಿದೆ. ಅದಕ್ಕಾಗಿ ಬೀಜ, ಎಲೆ, ಉಪಕರಣ ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆಯನ್ನೂ ನಡೆಸಲಾಗುತ್ತದೆ. ವಿಚಿತ್ರವೆಂದರೆ ಆ ಪರೀಕ್ಷೆಗೆ ತರಬೇತಿ ಕೊಡುವ ಕೋಚಿಂಗ್ ಶಿಬಿರಗಳೂ ಹುಟ್ಟಿಕೊಂಡಿವೆ. ರೈತನ ಮಗ ಉದ್ದು ಯಾವುದು, ಹೆಸರು ಯಾವುದು ಎಂದು ಹಣ ಕೊಟ್ಟು ಕಲಿಯಬೇಕಾಗಿದೆ ಎಂದರೆ ಶಾಲೆ ಎಲ್ಲೋ ಒಂದು ಅವಕಾಶ ತಪ್ಪಿಸಿಕೊಂಡಿದೆ ಎಂದು ಹೇಳುವವರನ್ನು ತಳ್ಳಿಹಾಕುವುದು ಕಷ್ಟ. ಆದರೂ ಇದೇ ಉದಾಹರಣೆ ಎದುರುಪಕ್ಷಕ್ಕೂ ಒದಗುತ್ತದೆ. ಆ ಕೋಟಾದ ಹೊಸ್ತಿಲು ತಲುಪಲು ಮೊದಲು ಪಿಯುಸಿ ವಿಜ್ಞಾನ ಪಾಸಾಗಬೇಕು. ಇರುವಕ್ಕಿಗೆ ಹೋಗುವ ದಾರಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಮೂಲಕವೇ ಇದೆ. ವಾರಕ್ಕೆ ಮೂರು ಪಿರಿಯಡ್ ಕೃಷಿಗೆಂದು ಕಿತ್ತುಕೊಂಡು, ಗಣಿತದಲ್ಲಿ ಸೋತ ಹುಡುಗನನ್ನು ಕೃಷಿ ವಿಶ್ವವಿದ್ಯಾಲಯವೂ ಸೇರಿಸಿಕೊಳ್ಳುವುದಿಲ್ಲ.

ಇಷ್ಟರವರೆಗಿನ ಚರ್ಚೆ ಲಾಭನಷ್ಟದ್ದು. ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ನ್ಯಾಯದ ಪ್ರಶ್ನೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಪ್ರಾಥಮಿಕ ಶಾಲೆಯ ಸಮಯವನ್ನು ಅರ್ಧಕ್ಕೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಆಗ ದಕ್ಷಿಣ ಕನ್ನಡವೂ ಕಾಸರಗೋಡೂ ಆ ರಾಜ್ಯದಲ್ಲೇ ಇದ್ದವು. ಕುಂಬಾರನ ಮಗ ಕುಂಬಾರನಾಗಿಯೇ ಇರಲಿ ಎಂಬ ಕುಲಕಸುಬಿನ ಶಿಕ್ಷಣ ಇದು ಎಂದು ಪೆರಿಯಾರ್ ಮೊದಲಾದವರು ಪ್ರತಿಭಟಿಸಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಯೋಜನೆಯೂ ಹೋಯಿತು. ರಾಜಾಜಿಯ ಉದ್ದೇಶ ಏನೇ ಇದ್ದಿರಲಿ, ಎದ್ದ ಪ್ರಶ್ನೆ ಇನ್ನೂ ಹಳತಾಗಿಲ್ಲ. ಇಲ್ಲಿಂದ ದೂರವಲ್ಲದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದಿದ್ದರು. 1974ರ ಭೂಸುಧಾರಣೆಯ ನಂತರ ಉಳುವವರಿಗೆ ನೆಲ ಸಿಕ್ಕಿತು, ಆದರೆ ಎಲ್ಲರಿಗೂ ಅಲ್ಲ. ಇಂದಿಗೂ ಕೂಲಿಯಿಂದ ಬದುಕುವ ಭೂರಹಿತರ ಮಗಳಿಗೆ ಕೃಷಿ ಪಾಠ ಏನನ್ನು ಕೊಡುತ್ತದೆ? ಬೇರೆಯವರ ತೋಟದಲ್ಲಿ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುವ ಯೋಗ್ಯತೆಯನ್ನೇ? ತಂದೆ ಗೇಣಿದಾರ, ತಾನು ಮೇಷ್ಟ್ರು ಎಂದು ಹೆಮ್ಮೆಪಡುವ ತಲೆಮಾರು ಈ ತಾಲ್ಲೂಕುಗಳಲ್ಲಿ ಇನ್ನೂ ಕಣ್ಣೆದುರಿಗಿದೆ. ಆ ದಾರಿಯನ್ನು ಕಿರಿದಾಗಿಸುವ ಯಾವ ಸುಧಾರಣೆಯನ್ನೂ ಅವರು ಅನುಮಾನದಿಂದ ನೋಡುವುದು ಸಹಜ.

ಈ ಆಕ್ಷೇಪಕ್ಕೆ ಬೇಕು ಎನ್ನುವವರ ಉತ್ತರ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಬೇಸಾಯವನ್ನು ಶಾಲೆಯಿಂದ ಹೊರಗಿಟ್ಟದ್ದರಿಂದಲೇ ಅದು ಕೀಳಾಯಿತು ಎನ್ನುತ್ತಾರೆ ಅವರು. ಭೂಮಿ ಹುಣ್ಣಿಮೆಯ ಹಿಂದಿನ ದಿನಗಳಲ್ಲಿ ದೀವರ ಮನೆಗಳ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಹೊಡೆ ತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಮನೆಮಂದಿ ಬೆಳಗಿನ ಜಾವ ಚರಗ ಬೀರುತ್ತಾರೆ. ಬೆಳೆಯ ಯಾವ ಹಂತ ಯಾವಾಗ ಎಂಬ ಖಚಿತ ತಿಳಿವಳಿಕೆ ಆ ಆಚರಣೆಯ ಒಳಗಿದೆ. ಅದನ್ನು ಹೊತ್ತು ಬರುವ ಮಗುವಿಗೆ ಶಾಲೆಯಲ್ಲಿ ಅದು ಅಂಕವಿಲ್ಲದ ವಿಷಯ. ನೆಲದ ಅರಿವು ಇಲ್ಲದಿದ್ದರೆ ಆಗುವ ಅಪಾಯಕ್ಕೂ ಸೊರಬದಲ್ಲೇ ಉದಾಹರಣೆಯಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕು, ಸೊಪ್ಪು ತರಲು ಹೋದವರು ಉಣುಗಿನಿಂದ ಹೇಗೆ ಜೋಪಾನವಾಗಿರಬೇಕು ಎಂಬುದು ದೂರದ ಹುಲ್ಲುಗಾವಲಿನ ಪಾಠಕ್ಕಿಂತ ಮೊದಲು ಈ ಮಕ್ಕಳಿಗೆ ತಿಳಿಯಬೇಕಲ್ಲವೇ? ಇದು ಭೂಮಿ ಇದ್ದವರಿಗೆ ಮಾತ್ರ ಬೇಕಾದ ವಿದ್ಯೆಯೂ ಅಲ್ಲ.

ಇನ್ನು ನಿತ್ಯದ ತೊಡಕುಗಳು. ತತ್ತ್ವಗಳಿಗಿಂತ ಹೆಚ್ಚು ಯೋಜನೆಗಳು ಮುಗ್ಗರಿಸುವುದು ಇಲ್ಲೇ. ಶಾಲೆಯ ವರ್ಷಕ್ಕೂ ಬೆಳೆಯ ವರ್ಷಕ್ಕೂ ಹೊಂದಾಣಿಕೆಯಿಲ್ಲ. ಜೂನಿನಲ್ಲಿ ಹಚ್ಚಿದ ಹರಿವೆ, ಬೆಂಡೆ ದಸರಾ ರಜೆಯೊಳಗೆ ಬಿಸಿಯೂಟದ ಸಾಂಬಾರಿಗೆ ಬಂದೀತು. ಆದರೆ ನುಗ್ಗೆ, ಕರಿಬೇವು, ಪಪ್ಪಾಯ ಉಳಿಯಬೇಕಾದರೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಬೇಕು; ಆಗ ಶಾಲೆಗೆ ಬೀಗ. ಈ ಸೀಮೆಯ ಮುಖ್ಯ ಬೆಳೆಯಾದ ಅಡಿಕೆ ಫಲ ಕೊಡಲು ಐದಾರು ವರ್ಷ. ಎಂಟನೆಯ ತರಗತಿಯಲ್ಲಿ ನೆಟ್ಟವನು ಹತ್ತು ಮುಗಿಸಿ ಹೋಗಿರುತ್ತಾನೆ. ಮಂಗಗಳ ಕಾಟ, ಬೀಡಾಡಿ ದನ, ಕಾಂಪೌಂಡಿಲ್ಲದ ಅಂಗಳ ಇವನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕಲಿಸುವವರು ಯಾರು ಎಂಬುದು ಇನ್ನೂ ಕಠಿಣ. ವಿಜ್ಞಾನ ಶಿಕ್ಷಕರೇ ಅತಿಥಿ ಶಿಕ್ಷಕರಾಗಿರುವ ಶಾಲೆಯಲ್ಲಿ ಕೃಷಿ ಶಿಕ್ಷಕರನ್ನು ಕೇಳುವುದು ದುಬಾರಿ ಆಸೆ. ಕೆಲಸ ಹಂಚುವಾಗ ನೀರು ಹೊರುವುದು ಹುಡುಗಿಯರ ಪಾಲಿಗೆ, ಹುಡುಗರು ಮೇಲ್ವಿಚಾರಣೆಗೆ ಎಂಬಂತೆ ಆಗುವ ಸಂಭವವೂ ಇದೆ. ಕುಟುಂಬದ ಕೆಲಸದಲ್ಲಿ ಮಗು ಶಾಲೆಯ ಹೊತ್ತಿನ ನಂತರ ನೆರವಾಗಬಹುದು ಎಂದು 2016ರ ಬಾಲಕಾರ್ಮಿಕ ಕಾನೂನಿನ ತಿದ್ದುಪಡಿ ಒಪ್ಪಿದೆ. ಶಾಲೆಯ ಹೊತ್ತನ್ನೂ ಕೆಲಸಕ್ಕೆ ಒಡ್ಡಿದರೆ ಮಗುವಿಗೆ ಓದಲು ಉಳಿಯುವುದು ಯಾವ ಹೊತ್ತು ಎಂದು ಕೇಳುವ ಹಕ್ಕು ಪಾಲಕರಿಗಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯುವ ಸಲಹೆ ಕೊಟ್ಟಿತು. ಕರ್ನಾಟಕ ತನ್ನದೇ ನೀತಿಯ ಹಾದಿ ಹಿಡಿದಿದೆ. 2023ರಲ್ಲಿ ಶಾಲಾ ಶಿಕ್ಷಣ ಖಾತೆ ಸೊರಬದ ಶಾಸಕರಿಗೇ ಬಂದದ್ದರಿಂದ ಇಲ್ಲಿನ ಪಾಲಕರಲ್ಲಿ ನಿರೀಕ್ಷೆ ಹುಟ್ಟುವುದೂ ಸ್ವಾಭಾವಿಕ. ನೀತಿ ಯಾವುದೇ ಆಗಲಿ, ಹತ್ತು ದಿನದ ಸುತ್ತಾಟ ಕೃಷಿ ಶಿಕ್ಷಣವಾಗುವುದಿಲ್ಲ, ಹತ್ತು ವರ್ಷದ ಕಡ್ಡಾಯ ವಿಷಯವೂ ಬೇಕಾಗಿಲ್ಲ.

ಎರಡೂ ಕಡೆಯನ್ನು ತೂಗಿದಾಗ ಹತ್ತನೆಯ ತರಗತಿಯವರೆಗೆ ಕೃಷಿಯನ್ನು ಪ್ರತ್ಯೇಕ ಪರೀಕ್ಷಾ ವಿಷಯವಾಗಿಸುವುದು ಬೇಡ ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಕೊಠಾರಿ ಆಯೋಗದ ಎಚ್ಚರಿಕೆಯನ್ನು ಸುಳ್ಳು ಮಾಡುವಂಥದ್ದು ಆಮೇಲಿನ ಅರವತ್ತು ವರ್ಷಗಳಲ್ಲಿ ನಡೆದಿಲ್ಲ. ಆದರೆ ವಿಜ್ಞಾನ, ಗಣಿತ, ಸಮಾಜದ ಪಾಠಗಳು ಈ ನೆಲದ ಉದಾಹರಣೆಗಳಲ್ಲಿ ನಿಲ್ಲುವಂತೆ ಮಾಡಲು ಹೊಸ ಹುದ್ದೆಯಾಗಲಿ ಹೊಸ ಪಿರಿಯಡ್ ಆಗಲಿ ಬೇಕಿಲ್ಲ. ಎರಡು ತಾಲ್ಲೂಕುಗಳ ವಿಜ್ಞಾನ ಶಿಕ್ಷಕರು ಇರುವಕ್ಕಿಯವರೊಂದಿಗೆ ಕೂತು ಒಂದು ಪೂರಕ ಕೈಪಿಡಿ ಮಾಡಿಕೊಳ್ಳಬಹುದು: ಬೋರ್ಡೋ ದ್ರಾವಣದ ರಸಾಯನ, ಕೆರೆ ಅಚ್ಚುಕಟ್ಟಿನ ಕ್ಷೇತ್ರಫಲ, ಮಣ್ಣು ಪರೀಕ್ಷೆಯ ಚೀಟಿ ಓದುವ ಬಗೆ, ಮಂಡಿಯ ಲೆಕ್ಕಚೀಟಿಯಲ್ಲಿ ಕಡಿತವಾದ ಹಣ ಎಷ್ಟೆಂಬ ಲೆಕ್ಕ. ಕೃಷಿ ಪದವಿಯ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆ ಹೇಗೂ ಹಳ್ಳಿಗಳಲ್ಲಿ ಉಳಿಯುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಅವರು ಆ ಊರಿನ ಹೈಸ್ಕೂಲಿಗೆ ಹೋಗಿ ಬಂದರೆ ಹೆಚ್ಚುವರಿ ಖರ್ಚು ಅಷ್ಟೇನೂ ಆಗದು. ವೃತ್ತಿಯಾಗಿ ಕಲಿಯಬೇಕೆನ್ನುವವರಿಗೆ ಹತ್ತರ ನಂತರ ಡಿಪ್ಲೊಮಾ ಇದೆ. ಅಲ್ಲಿಂದ ಪದವಿಗೆ ಏರುವ ದಾರಿ ಅಗಲವಾದಷ್ಟೂ ಅದರ ಮೇಲಿನ ಎರಡನೆಯ ದರ್ಜೆಯ ಹಣೆಪಟ್ಟಿ ಸಡಿಲವಾದೀತು.

ಇದಕ್ಕೊಂದು ಷರತ್ತು ಅಗತ್ಯವೆಂದು ಕಾಣುತ್ತದೆ. ಈ ಪಾಠ ಶಿಕಾರಿಪುರ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೂ ಶಿವಮೊಗ್ಗದ ವಸತಿ ಶಾಲೆಗೂ ಅನ್ವಯಿಸಬೇಕು. ಚಂದ್ರಗುತ್ತಿಯ ಸರ್ಕಾರಿ ಶಾಲೆಯ ಮಗು ಮಾತ್ರ ಮಣ್ಣು ಮುಟ್ಟಬೇಕು, ಪೇಟೆಯ ಮಗು ಕಂಪ್ಯೂಟರ್ ಮುಟ್ಟಬೇಕು ಎಂದಾದರೆ 1953ರ ಆಕ್ಷೇಪ ಪೂರ್ತಿ ಸರಿಯಾಗುತ್ತದೆ, ಆಗ ನಾನೂ ಬೇಡ ಎನ್ನುವವರ ಜೊತೆ ನಿಲ್ಲಬೇಕಾಗುತ್ತದೆ. ಕೈತೋಟದ ವಿಷಯದಲ್ಲಿ ಮಾತ್ರ ಎಲ್ಲ ಶಾಲೆಗೂ ಒಂದೇ ಆದೇಶ ಹೊರಡಿಸುವುದು ಬೇಡ. ನೀರು, ಬೇಲಿ, ಮನಸ್ಸಿರುವ ಒಬ್ಬ ಶಿಕ್ಷಕ ಈ ಮೂರೂ ಇರುವ ಕೆಲವೇ ಶಾಲೆಗಳಲ್ಲಿ ಮೊದಲು ತೊಡಗಬಹುದು. ಬೇಸಿಗೆ ರಜೆಯಲ್ಲಿ ನೀರುಣಿಸುವವರು ಯಾರು, ಅವರಿಗೆ ಸಂಭಾವನೆ ಯಾವ ಬಾಬ್ತಿನಿಂದ ಎಂದು ಎಸ್‌ಡಿಎಂಸಿ ಮೊದಲೇ ಬರೆದುಕೊಟ್ಟ ಮೇಲೆ ತೋಟಗಾರಿಕೆ ಇಲಾಖೆ ಸಸಿ ಕೊಟ್ಟರೆ ಸಾಕು.